ಆರು ಪಾಯಿಂಟಿನ ಸೋಲು ಅರವತ್ತರ ಸೋಲಿಗಿಂತ ಯಾಕೆ ಹೆಚ್ಚು ಉರಿಯುತ್ತದೆ?

2013ರ ನವೆಂಬರ್ 30. ಅಮೆರಿಕದ ಆಬರ್ನ್ ಪಟ್ಟಣದ ಜೋರ್ಡನ್-ಹೇರ್ ಕ್ರೀಡಾಂಗಣದಲ್ಲಿ ಅಲಬಾಮಾ ಮತ್ತು ಆಬರ್ನ್ ವಿಶ್ವವಿದ್ಯಾಲಯಗಳ ‘ಐರನ್ ಬೌಲ್’ ಎಂಬ ಅಮೆರಿಕನ್ ಫುಟ್‌ಬಾಲ್ ಪಂದ್ಯ 28–28ಕ್ಕೆ ಬಂದು ನಿಂತಿತ್ತು. ಗಡಿಯಾರ ಸೊನ್ನೆ ಮುಟ್ಟಿತು. ಇಲ್ಲ, ಇನ್ನೂ ಒಂದು ಸೆಕೆಂಡ್ ಇದೆ ಎಂದು ಪಟ್ಟು ಹಿಡಿದವರು ಅಲಬಾಮಾದ ಕೋಚ್ ನಿಕ್ ಸೇಬನ್. ರೆಫರಿಗಳು ರಿಪ್ಲೇ ನೋಡಿ ಒಪ್ಪಿದರು. ಕೇಳಿ ಪಡೆದ ಆ ಸೆಕೆಂಡಿನಲ್ಲಿ ಅಲಬಾಮಾ 57 ಯಾರ್ಡ್ ದೂರದಿಂದ ಫೀಲ್ಡ್ ಗೋಲ್‌ಗೆ ಒದೆಯಿತು. ಕಂಬಗಳ ನಡುವೆ ದಾಟಿದ್ದರೆ ಮೂರು ಪಾಯಿಂಟ್; ಚೆಂಡು ಕಂಬದವರೆಗೆ ಹೋಗಲಿಲ್ಲ. ಕೆಳಗೆ ಕಾದು ನಿಂತಿದ್ದ ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು, ಎಡಬದಿಯ ಗೆರೆಯ ಗುಂಟ ಮೈದಾನದ ಆ ತುದಿಯವರೆಗೂ ಓಡಿಬಿಟ್ಟ. ಅದಕ್ಕೆ ಆರು ಪಾಯಿಂಟ್, 34–28. ಅಗ್ರಸ್ಥಾನದಲ್ಲಿದ್ದ, ಸತತ ಮೂರನೇ ರಾಷ್ಟ್ರೀಯ ಪ್ರಶಸ್ತಿಯ ಕನಸಿನಲ್ಲಿದ್ದ ಅಲಬಾಮಾದ ಕಥೆ ಅಲ್ಲಿಗೆ ಮುಗಿಯಿತು.

ಇಂಥ ರಾತ್ರಿ ಅಭಿಮಾನಿಗೆ ಸಿಗುವ ಸಲಹೆಗಳು ಎರಡೇ ಬಗೆ. ‘ಆಟ ತಾನೆ, ಬಿಟ್ಟಾಕು’ ಅನ್ನುವುದು ಒಂದು. ‘ಈ ನೋವು ಸಾಯೋ ತನಕ ಹೋಗಲ್ಲ’ ಅನ್ನುವುದು ಇನ್ನೊಂದು. ಎರಡೂ ತಪ್ಪು. ಇವಕ್ಕಿಂತ ಹಟಮಾರಿಯಾದ ಮೂರನೆಯದೂ ಇದೆ: ‘ನಾನು ಕೊನೆಯ ಕ್ಷಣದಲ್ಲಿ ಎದ್ದು ಹೋದದ್ದಕ್ಕೇ ಹೀಗಾಯಿತು’. ಸೋಲಿನ ಉರಿ ಮತ್ತು ಈ ಮೂಢನಂಬಿಕೆ ಒಂದೇ ಒಲೆಯಲ್ಲಿ ಬೇಯುತ್ತವೆ ಎಂಬುದು ಮನೋವಿಜ್ಞಾನದಲ್ಲಿ ಸಿಗುವ ಸೊಗಸಾದ ವಿಚಾರಗಳಲ್ಲೊಂದು.

ಒಲೆಯ ಹತ್ತಿರ ಹೋಗೋಣ. 1982ರಲ್ಲಿ ಮನೋವಿಜ್ಞಾನಿಗಳಾದ ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಜನರಿಗೊಂದು ಪ್ರಶ್ನೆ ಹಾಕಿದರು. ಇಬ್ಬರು ಒಂದೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಡುತ್ತಾರೆ, ಟ್ರಾಫಿಕ್‌ನಲ್ಲಿ ಸಿಕ್ಕಿ ಅರ್ಧ ಗಂಟೆ ತಡವಾಗಿ ತಲುಪುತ್ತಾರೆ. ಒಬ್ಬನ ವಿಮಾನ ಸಮಯಕ್ಕೆ ಸರಿಯಾಗಿ ಹೋಗಿದೆ. ಇನ್ನೊಬ್ಬನದು ತಡವಾಗಿ, ಐದು ನಿಮಿಷದ ಹಿಂದಷ್ಟೇ ಹೊರಟಿದೆ. ಯಾರಿಗೆ ಹೆಚ್ಚು ಸಂಕಟ? ನಷ್ಟ ಇಬ್ಬರಿಗೂ ಒಂದೇ. ಆದರೂ ಹೆಚ್ಚುಕಡಿಮೆ ಎಲ್ಲರೂ ಬೆರಳು ತೋರಿಸಿದ್ದು ಎರಡನೆಯವನ ಕಡೆಗೆ. ಅರ್ಧ ಗಂಟೆಯನ್ನು ಕಲ್ಪನೆಯಲ್ಲಿ ಉಳಿಸುವುದು ಕಷ್ಟ, ಐದು ನಿಮಿಷ ಉಳಿಸುವುದು ಸುಲಭ. ಒಂದು ಸಿಗ್ನಲ್ ಹಸಿರಾಗಿದ್ದರೆ ಸಾಕಿತ್ತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೋಗಳನ್ನು ಇಟ್ಟುಕೊಂಡು ಮಾಡಿದ ಇನ್ನೊಂದು ಅಧ್ಯಯನ ಹೇಳಿದ್ದೂ ಇದನ್ನೇ: ಬೆಳ್ಳಿ ಗೆದ್ದವರ ಮುಖಕ್ಕಿಂತ ಕಂಚು ಗೆದ್ದವರ ಮುಖದಲ್ಲಿ ನಗು ಹೆಚ್ಚು. ಬೆಳ್ಳಿಯವರ ಕಣ್ಣು ಚಿನ್ನದ ಮೇಲಿರುತ್ತದೆ, ಕಂಚಿನವರ ಕಣ್ಣು ಬರಿಗೈಯಲ್ಲಿ ಮನೆಗೆ ಹೋದವರ ಮೇಲೆ.

ನೋವಿನ ಅಳತೆಯನ್ನು ನಿರ್ಧರಿಸುವುದು ಸೋಲಿನ ಗಾತ್ರವಲ್ಲ. ಸೋಲನ್ನು ಮನಸ್ಸಿನಲ್ಲೇ ತಿದ್ದಿ ಗೆಲುವು ಮಾಡುವುದು ಎಷ್ಟು ಸಲೀಸು ಎಂಬುದು. ಅರವತ್ತು ಪಾಯಿಂಟಿನ ಸೋಲನ್ನು ತಿದ್ದಲು ಇಡೀ ತಂಡವನ್ನೇ ಬದಲಿಸಬೇಕು, ಮನಸ್ಸು ಸುಸ್ತಾಗಿ ಕೈಬಿಡುತ್ತದೆ. ಆರು ಪಾಯಿಂಟಿನದಕ್ಕೆ ಒಂದು ಒದೆತ ಬದಲಾದರೆ ಸಾಕು. 2016ರ ಮೇ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಫೈನಲ್‌ನಲ್ಲಿ ಆರ್‌ಸಿಬಿ ಸೋತದ್ದು 8 ರನ್‌ಗಳಿಂದ. ಆ ಎಂಟು ರನ್‌ಗಳನ್ನು ತಲೆಯೊಳಗೆ ಮತ್ತೆ ಮತ್ತೆ ಹೊಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮನಸ್ಸು ಏನನ್ನು ತಿದ್ದಲು ಆರಿಸಿಕೊಳ್ಳುತ್ತದೆ ಎನ್ನುವುದು ಇನ್ನೂ ಸ್ವಾರಸ್ಯದ ಸಂಗತಿ. ಎಂದಿನಂತೆ ನಡೆದದ್ದನ್ನು ಅದು ಮುಟ್ಟುವುದಿಲ್ಲ. ಕೊನೆಗೆ ನಡೆದದ್ದು, ವಿಚಿತ್ರವಾದದ್ದು, ಒಬ್ಬ ವ್ಯಕ್ತಿ ‘ಮಾಡಿದ’ ಕೆಲಸ: ಇವು ಮೊದಲು ಕೈಗೆ ಸಿಗುತ್ತವೆ. ಆ ಪಂದ್ಯದಲ್ಲಿ ಅಲಬಾಮಾದ ಕಿಕರ್ ಕೇಡ್ ಫಾಸ್ಟರ್ ಮೂರು ಫೀಲ್ಡ್ ಗೋಲ್ ಕಳೆದುಕೊಂಡಿದ್ದ. ಅದಕ್ಕೇ ಕೊನೆಯ ಒದೆತಕ್ಕೆ ಬೇರೆಯವನನ್ನು ಕಳಿಸಿದ್ದು. ಪಂದ್ಯ ಮುಗಿದ ಮೇಲೆ ಫಾಸ್ಟರ್‌ಗೆ ಕೊಲೆ ಬೆದರಿಕೆಗಳು ಬಂದವು. (ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವನಿಗೆ ಕೈಯಾರೆ ಸಮಾಧಾನದ ಚೀಟಿ ಬರೆದರು. ಅವನ ಜೆರ್ಸಿ ಸಂಖ್ಯೆ 43, ಬುಷ್ 43ನೇ ಅಧ್ಯಕ್ಷರು.) ‘ಒಂದಾದರೂ ಒಳಗೆ ಬಿದ್ದಿದ್ದರೆ’ ಎನ್ನುವ ಲೆಕ್ಕದಲ್ಲಿ ಒಂದು ಮೋಸವಿದೆ. ಒಂದನ್ನು ತಿದ್ದಿ, ಉಳಿದದ್ದೆಲ್ಲ ನಡೆದಂತೆಯೇ ನಡೆಯುತ್ತಿತ್ತು ಅಂದುಕೊಳ್ಳುತ್ತೇವೆ. ಮೂರು ಪಾಯಿಂಟ್ ಹಿಂದಿದ್ದರೆ ಆಬರ್ನ್ ಬೇರೆ ತಂತ್ರ ಹೂಡುತ್ತಿತ್ತು, ಗಡಿಯಾರ ಬೇರೆ ರೀತಿ ಓಡುತ್ತಿತ್ತು. ಆಬರ್ನ್ ಆ ಹಂತಕ್ಕೆ ಬಂದದ್ದೇ ಎರಡು ವಾರದ ಹಿಂದೆ ಜಾರ್ಜಿಯಾ ವಿರುದ್ಧ, ಎದುರಾಳಿಗಳ ಕೈಗೆ ತಗುಲಿ ಪುಟಿದ ಚೆಂಡು ತನ್ನ ಆಟಗಾರನ ಕೈಗೇ ಬಿದ್ದು 43–38ರಲ್ಲಿ ಗೆದ್ದದ್ದರಿಂದ. ಆ ಪುಟಿತವನ್ನು ತಿದ್ದಲು ಅಲಬಾಮಾದವರ ಮನಸ್ಸಿಗೆ ಹೊಳೆಯುವುದಿಲ್ಲ.

ಈಗ ಮನೆಯ ಸೋಫಾ ಮೇಲಿರುವ ಅಭಿಮಾನಿಯನ್ನು ನೋಡಿ. ತಿದ್ದಲು ಅವನ ಕೈಗೆ ತೀರ ಹತ್ತಿರ ಇರುವುದು ಯಾವುದು? ಅವನದೇ ಕೆಲಸ. ಎದ್ದು ಅಡುಗೆಮನೆಗೆ ಹೋದದ್ದು, ಎಂದಿನ ಜೆರ್ಸಿ ಒಗೆಯಲು ಹಾಕಿದ್ದು, ‘ಗೆದ್ದೆವು’ ಎಂದು ಮೊದಲೇ ಬಾಯಿಬಿಟ್ಟದ್ದು. ‘ಹೋಗದೇ ಇದ್ದಿದ್ದರೆ’ ಎಂದು ಒಮ್ಮೆ ತಿದ್ದಿದ ಮೇಲೆ ಅದು ಕಾರಣದಂತೆ ಕಾಣತೊಡಗುತ್ತದೆ. ಆಟಗಾರನ ಬಗ್ಗೆ ಗಾಢವಾಗಿ ಯೋಚಿಸಿದ ಪ್ರೇಕ್ಷಕರಿಗೆ ಫಲಿತಾಂಶದಲ್ಲಿ ತಮ್ಮದೂ ಪಾಲಿದೆ ಅನ್ನಿಸುತ್ತದೆ ಎಂದು ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ವಿದ್ಯಾವಂತರಾದರೆ ಇದು ಹೋಗುತ್ತದೆ ಅನ್ನುವವರಿಗೆ ಒಂದು ಮಾತು: ಅವರ ಪ್ರಯೋಗಕ್ಕೆ ಕೂತವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು.

ತಪ್ಪು ಹೊರಿಸಲು ವಸ್ತು ಹುಡುಕುವ ಈ ಚಟ ಎಲ್ಲಿಗೆ ಹೋಗಬಹುದು ಎನ್ನುವುದಕ್ಕೂ ಐರನ್ ಬೌಲ್‌ನಲ್ಲೇ ಉದಾಹರಣೆ ಇದೆ. 2010ರ ನವೆಂಬರ್ 26ರಂದು 24–0 ಮುಂದಿದ್ದ ಅಲಬಾಮಾ 27–28ರಲ್ಲಿ ಸೋತಿತು. ಒಂದೇ ಪಾಯಿಂಟ್. ಆಬರ್ನ್‌ನವರು ಗೆದ್ದಾಗಲೆಲ್ಲ ಟಾಯ್ಲೆಟ್ ಪೇಪರ್ ಸುತ್ತಿ ಸಂಭ್ರಮಿಸುವ ಟೂಮರ್ಸ್ ಕಾರ್ನರ್‌ನ ಎರಡು ಓಕ್ ಮರಗಳ ಬುಡಕ್ಕೆ ಒಬ್ಬ ಅಲಬಾಮಾ ಅಭಿಮಾನಿ ಸ್ಪೈಕ್ 80ಡಿಎಫ್ ಎಂಬ ಕಳೆನಾಶಕ ಸುರಿದ. ಆಮೇಲೆ ರೇಡಿಯೋ ಕಾರ್ಯಕ್ರಮಕ್ಕೆ ಫೋನ್ ಮಾಡಿ ತಾನೇ ಹೇಳಿಕೊಂಡ. ಅದರಲ್ಲಿರುವ ಟೆಬುಥಿಯುರಾನ್ ಬೇರಿನಿಂದ ಏರಿ ಎಲೆಯ ದ್ಯುತಿಸಂಶ್ಲೇಷಣೆಯನ್ನು ತಡೆಯುತ್ತದೆ. ಮರ ಕೂಡಿಟ್ಟ ಪಿಷ್ಟ ಖರ್ಚು ಮಾಡಿ ಹೊಸ ಎಲೆ ಬಿಡುತ್ತದೆ, ಅದೂ ಹಳದಿಯಾಗಿ ಉದುರುತ್ತದೆ, ಮತ್ತೆ ಬಿಡುತ್ತದೆ. ಪಿಷ್ಟ ತೀರುವವರೆಗೂ ಇದೇ ಪಾಡು. ಮಣ್ಣು ತೆಗೆಸಿದರೂ ಮರಗಳು ಉಳಿಯಲಿಲ್ಲ, 2013ರ ಏಪ್ರಿಲ್‌ನಲ್ಲಿ ಕಡಿಯಬೇಕಾಯಿತು.

ಇನ್ನು ಮೈಯ ವಿಷಯ. ಪಂದ್ಯ ನೋಡಿದವರ ಎಂಜಲನ್ನು ಪರೀಕ್ಷಿಸಿದ 1998ರ ಅಧ್ಯಯನದಲ್ಲಿ ಗೆದ್ದ ಕಡೆಯ ಗಂಡಸರ ಟೆಸ್ಟೋಸ್ಟೆರಾನ್ ಏರಿತ್ತು, ಸೋತ ಕಡೆಯವರದು ಇಳಿದಿತ್ತು. ಆಡಿದವರಲ್ಲ, ಬರೀ ನೋಡಿದವರು. (ತೀರ ಸಣ್ಣ ಅಧ್ಯಯನ, ಸಂಖ್ಯೆಗಳನ್ನು ಉಪ್ಪಿನಕಾಯಿಯಷ್ಟೇ ನೆಂಚಿಕೊಳ್ಳಬೇಕು.) 2006ರ ಫಿಫಾ ವಿಶ್ವಕಪ್ ವೇಳೆ ಜರ್ಮನಿ ಆಡಿದ ದಿನಗಳಲ್ಲಿ ಮ್ಯೂನಿಕ್ ಪ್ರದೇಶದಲ್ಲಿ ಹೃದಯದ ತುರ್ತು ಪ್ರಕರಣಗಳು 2.66 ಪಟ್ಟಾಗಿದ್ದವು. ಇದು ದೊಡ್ಡ ಅಧ್ಯಯನ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡ ಭಾನುವಾರ ಸೋತರೆ ಆ ಊರಿನವರು ಸೋಮವಾರ ತಿನ್ನುವ ಸ್ಯಾಚುರೇಟೆಡ್ ಕೊಬ್ಬು 16% ಹೆಚ್ಚು, ಗೆದ್ದರೆ 9% ಕಡಿಮೆ. ಅಂತರ ಕಡಿಮೆಯಾದಷ್ಟೂ ಪರಿಣಾಮ ಜಾಸ್ತಿ.

ನಿರೀಕ್ಷೆಯದು ಬೇರೆಯೇ ಪಾತ್ರ. ಸೋಲುತ್ತಾರೆಂದೇ ಎಣಿಸಿದ್ದ ತಂಡ ಸೋತರೆ ಏನೂ ಆಗುವುದಿಲ್ಲ. ಗೆಲ್ಲಲೇಬೇಕಿದ್ದ ತಂಡ ಸೋತರೆ, ಗಂಡಸರು ಮನೆಯಲ್ಲಿ ಹೆಂಡತಿ ಅಥವಾ ಗೆಳತಿಯ ಮೇಲೆ ಕೈಮಾಡಿದ ಪೊಲೀಸ್ ವರದಿಗಳು ಸುಮಾರು 10% ಏರುತ್ತವೆ ಎಂದು ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ 2011ರಲ್ಲಿ ಕಂಡುಕೊಂಡರು. ಲೂಸಿಯಾನಾದ ಬಾಲಾಪರಾಧಿ ನ್ಯಾಯಾಲಯಗಳ ಕಡತ ತೆಗೆದವರಿಗೆ ಕಂಡದ್ದು ಇನ್ನೂ ಕಸಿವಿಸಿ ಹುಟ್ಟಿಸುವಂಥದ್ದು: ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಅನಿರೀಕ್ಷಿತವಾಗಿ ಸೋತ ವಾರ ನ್ಯಾಯಾಧೀಶರು ಕೊಡುವ ಶಿಕ್ಷೆಯ ಅವಧಿ ಉದ್ದವಾಗುತ್ತಿತ್ತು, ಅದರಲ್ಲೂ ಅಲ್ಲೇ ಓದಿದ ನ್ಯಾಯಾಧೀಶರಿಂದ. ‘ಆಟ ತಾನೆ’ ಎನ್ನುವವರು ಆ ಮಕ್ಕಳನ್ನು ಕೇಳಿ ನೋಡಬೇಕು.

ರೆಫರಿ ಮೋಸ ಮಾಡಿದ ಎನ್ನುವ ವಾದಕ್ಕಂತೂ ಎಪ್ಪತ್ತು ವರ್ಷ ದಾಟಿದ ಇತಿಹಾಸವಿದೆ. 1951ರ ನವೆಂಬರಿನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ಒರಟು ಪಂದ್ಯದಲ್ಲಿ ಪ್ರಿನ್ಸ್‌ಟನ್‌ನ ತಾರೆ ಡಿಕ್ ಕಾಜ್‌ಮೈಯರ್ ಮೂಗು ಮುರಿದುಕೊಂಡು ಹೊರಹೋದ. ಆಮೇಲೆ ಡಾರ್ಟ್‌ಮತ್ ಆಟಗಾರನೊಬ್ಬನ ಕಾಲು ಮುರಿಯಿತು. ಅದೇ ಪಂದ್ಯದ ಫಿಲ್ಮನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ ತಪ್ಪು ಎಣಿಸಲು ಹೇಳಿದಾಗ, ಡಾರ್ಟ್‌ಮತ್‌ನ ತಪ್ಪುಗಳು ಸ್ವಂತ ವಿದ್ಯಾರ್ಥಿಗಳಿಗೆ ಕಂಡದ್ದರ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್‌ನವರಿಗೆ ಕಂಡವು. ಒಂದೇ ರೀಲು.

ಹಾಗಾದರೆ ಸೋತ ರಾತ್ರಿ ಮಾಡಬೇಕಾದದ್ದೇನು? ಮೊದಲು ಟಿವಿ ಆರಿಸಿ, ಪಂದ್ಯದ ನಂತರದ ಚರ್ಚೆ ಶುರುವಾಗುವ ಮುಂಚೆಯೇ. ಕೊನೆಯ ಕ್ಷಣದ ಆಟವನ್ನು ಇಪ್ಪತ್ತು ಸಲ ತೋರಿಸುತ್ತಾರೆ, ಪ್ರತಿ ಸಲವೂ ತಿದ್ದುಪಡಿ ಹೊಸದಾಗುತ್ತದೆ. ಕ್ರೀಡಾಂಗಣದಲ್ಲಿದ್ದರೆ ತಕ್ಷಣ ಸ್ಟೀರಿಂಗ್ ಹಿಡಿಯಬೇಡಿ. ಜಿದ್ದಾಜಿದ್ದಿನ ಪಂದ್ಯಗಳ ದಿನ ರಸ್ತೆ ಸಾವು ಹೆಚ್ಚುತ್ತದೆ. ಹೆಚ್ಚುವುದು ಗೆದ್ದವರ ಊರಿನಲ್ಲಿ ಎನ್ನುವುದು 2011ರ ಅಧ್ಯಯನದ ವಿಚಿತ್ರ. ಹಾಗಾಗಿ ಸೋತವರು ಪಾರ್ಕಿಂಗ್‌ನಲ್ಲೇ ಅರ್ಧ ಮುಕ್ಕಾಲು ಗಂಟೆ ಕೂತು ನೀರು ಕುಡಿದು ಹೊರಟರೆ, ಉಬ್ಬಿದ ಗೆದ್ದವರ ನಡುವೆ ಕಾರು ಓಡಿಸುವುದೂ ತಪ್ಪುತ್ತದೆ. ಕುಡಿದಿದ್ದರೆ ಕೀಲಿ ಬೇರೆಯವರ ಕೈಗೆ.

ಮನೆ ಸೇರಿದ ಮೇಲೆ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಮಗೆ ಕೈಕೊಟ್ಟ ಕ್ಷಣಗಳು, ಬಲಕ್ಕೆ ಅದೃಷ್ಟದಿಂದ ನಮಗೆ ದಕ್ಕಿದವು: ಎದುರಾಳಿ ಜಾರಿಸಿದ ಚೆಂಡು, ನಮ್ಮ ಪರ ಬಂದ ತೀರ್ಪು, ಅವರು ಕೈಚೆಲ್ಲಿದ ಪಾಸ್. ಒಂದು ಪಂದ್ಯದಲ್ಲಿ ಪ್ರತಿ ತಂಡಕ್ಕೆ ಚೆಂಡು ಸಿಗುವುದು ಸುಮಾರು ಹನ್ನೆರಡು ಸರದಿ, ಬರೆಯಲು ಬೇಕಾದಷ್ಟಿರುತ್ತದೆ. ಎರಡೂ ಕಡೆ ಆರಾರು ತುಂಬಬೇಕು. ಎಡಬದಿ ಎರಡೇ ನಿಮಿಷಕ್ಕೆ ತುಂಬುತ್ತದೆ, ಬಲಬದಿಯಲ್ಲಿ ಪೆನ್ನು ನಿಲ್ಲುತ್ತದೆ. ಮದ್ದು ಇರುವುದು ಬಲಬದಿಯಲ್ಲೇ: ಸೋಲನ್ನು ಗೆಲುವಾಗಿ ತಿದ್ದಿದಷ್ಟೇ ಸುಲಭವಾಗಿ ಅದನ್ನು ಇನ್ನೂ ದೊಡ್ಡ ಸೋಲಾಗಿಯೂ ತಿದ್ದಬಹುದು ಎಂದು ಮನಸ್ಸಿಗೆ ಗೊತ್ತಾಗುವುದು ಅಲ್ಲಿ. ಇದನ್ನು ಗೆಳೆಯರ ಗುಂಪಿನಲ್ಲಿ ಮಾಡಿದರೆ ಕೆಡುತ್ತದೆ, ಎಲ್ಲರೂ ಸೇರಿ ಎಡಬದಿಯನ್ನೇ ಉದ್ದ ಮಾಡುತ್ತಾರೆ.

ಆಮೇಲೆ ಹತ್ತು ನಿಮಿಷ, ತಂಡಕ್ಕೆ ಸಂಬಂಧವೇ ಇಲ್ಲದ, ನಿಮಗೆ ಮುಖ್ಯವಾದ ಒಂದು ಸಂಗತಿಯ ಬಗ್ಗೆ ಬರೆಯಿರಿ. ಮಕ್ಕಳು, ಕಸುಬು, ಸಂಗೀತ, ಏನಾದರೂ. ಕೊಬ್ಬು ತಿನ್ನುವ ಅಧ್ಯಯನ ಮಾಡಿದವರು ಪ್ರಯೋಗದಲ್ಲಿ ಹೀಗೆ ಬರೆಸಿದಾಗ ಸೋಲಿನ ಪರಿಣಾಮ ಮಾಯವಾಯಿತು. ಊಟವನ್ನಂತೂ ಪಂದ್ಯಕ್ಕೆ ಮೊದಲೇ ಮಾಡಿಟ್ಟಿರಬೇಕು; ಸೋತ ಮೇಲೆ ಆರಿಸಿದರೆ ಕೈ ಚೀಸ್ ಕಡೆಗೇ ಹೋಗುತ್ತದೆ. ದಿಂಬಿಗೆ ಗುದ್ದಿ ಕೋಪ ಇಳಿಸಿಕೊಳ್ಳಿ ಎಂಬ ಸಲಹೆ ಬಂದರೆ ಕೇಳಬೇಡಿ. ಸಿಟ್ಟು ಬರಿಸಿದವನನ್ನು ನೆನೆಯುತ್ತ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಕೋಪ, ಸುಮ್ಮನೆ ಕೂತವರಿಗಿಂತ ಹೆಚ್ಚಿತ್ತು ಎಂದು ಬ್ರಾಡ್ ಬುಷ್‌ಮನ್ 2002ರಲ್ಲೇ ತೋರಿಸಿದ್ದಾರೆ. ಹೊಸ ವಾರ ಶುರುವಾಗುವವರೆಗೆ ಯಾರ ಭವಿಷ್ಯವನ್ನೂ ತೀರ್ಮಾನಿಸಬೇಡಿ, ಇಪ್ಪತ್ತು ವರ್ಷದ ಕಿಕರ್‌ಗೆ ಸಂದೇಶ ಕಳಿಸಬೇಡಿ.

ಕೊನೆಯದಾಗಿ ಮರುದಿನದ ಪಟ್ಟಿ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಟಿಮೊತಿ ವಿಲ್ಸನ್ ಮತ್ತವರ ಸಂಗಡಿಗರು ಫುಟ್‌ಬಾಲ್ ಅಭಿಮಾನಿಗಳನ್ನೇ ಹಿಡಿದು, ಪಂದ್ಯದ ನಂತರದ ದಿನಗಳಲ್ಲಿ ಹೇಗಿರುತ್ತೀರಿ ಎಂದು ಮೊದಲೇ ಕೇಳಿದ್ದರು. ಅಭಿಮಾನಿಗಳು ಊಹಿಸಿದ್ದಕ್ಕಿಂತ ಭಾವನೆ ಬೇಗ ಇಳಿಯಿತು. ಆ ದಿನಗಳಲ್ಲಿ ಕ್ಲಾಸು, ಓದು, ಊಟ, ಗೆಳೆಯರಿಗೆ ಎಷ್ಟೆಷ್ಟು ಹೊತ್ತು ಹೋಗುತ್ತದೆ ಎಂದು ಮುಂಚೆಯೇ ಬರೆದವರ ಊಹೆ ಮಾತ್ರ ವಾಸ್ತವಕ್ಕೆ ಹತ್ತಿರ ಬಂತು. ನೋವನ್ನು ಊಹಿಸುವಾಗ ಪಂದ್ಯವನ್ನಷ್ಟೇ ನೋಡುತ್ತೇವೆ, ಸೋಮವಾರವನ್ನು ನೋಡುವುದಿಲ್ಲ. ಪಂದ್ಯದ ಮರುದಿನ ಬೆಳಗ್ಗೆ ಎಂಟರಿಂದ ರಾತ್ರಿ ಹತ್ತರವರೆಗಿನ ಗಂಟೆಗಳನ್ನು ಬರೆದರೆ ಸಾಕು. 2024ರ ನವೆಂಬರ್ 30ರಂದು ಒಹಾಯೊ ಸ್ಟೇಟ್ ತನ್ನದೇ ಮೈದಾನದಲ್ಲಿ ದುರ್ಬಲ ಮಿಷಿಗನ್‌ಗೆ 10–13ರಲ್ಲಿ ಸೋತು, ಗೆದ್ದವರು ಮೈದಾನದ ನಡುವೆ ತಮ್ಮ ಧ್ವಜ ನೆಡಲು ಹೋಗಿ ಎದ್ದ ಜಗಳಕ್ಕೆ ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದಾಗ, ಕೋಚ್ ರಯನ್ ಡೇ ಅವರನ್ನು ಕಿತ್ತುಹಾಕಿ ಎಂದವರು ಕಮ್ಮಿಯೇನಿರಲಿಲ್ಲ. 51 ದಿನಗಳ ನಂತರ, ಜನವರಿ 20ರಂದು, ಅದೇ ಕೋಚ್‌ನ ಅದೇ ತಂಡ ನಾಟ್ರಡಾಮ್ ವಿರುದ್ಧ 34–23ರಲ್ಲಿ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು.

ಇದೆಲ್ಲ ಬರೀ ಅಭಿಮಾನಿಗಳಿಗೆ. ಬಾಜಿ ಕಟ್ಟಿದವರ ಸ್ಥಿತಿ ಬೇರೆ, ಅಮೆರಿಕದ ಸುಪ್ರೀಂ ಕೋರ್ಟಿನ 2018ರ ತೀರ್ಪಿನ ನಂತರ ಅಲ್ಲಿನ ಹಲವು ರಾಜ್ಯಗಳಲ್ಲಿ ಅದು ಕಾನೂನುಬದ್ಧ. ಜೂಜಿನ ಯಂತ್ರದಲ್ಲಿ ಸ್ವಲ್ಪದರಲ್ಲಿ ತಪ್ಪಿದಾಗ, ಗೆದ್ದಾಗ ಚುರುಕಾಗುವ ಮಿದುಳಿನ ಭಾಗಗಳೇ ಚುರುಕಾಗುತ್ತವೆ. ಖುಷಿಯಾಗುವುದಿಲ್ಲ, ಆದರೆ ಇನ್ನೊಂದು ಸಲ ಆಡುವ ಆಸೆ ಹೆಚ್ಚುತ್ತದೆ. ಬಾಜಿಯ ಆ್ಯಪ್ ಅನ್ನು ಪಂದ್ಯ ಶುರುವಾಗುವ ಮುಂಚೆ ಫೋನಿನಿಂದ ತೆಗೆಯಬೇಕು; ಒಂದು ಪಾಯಿಂಟಿನಿಂದ ಸೋತ ಮೇಲೆ ತೆಗೆಯುವವರಿಲ್ಲ.