ಉಬುಂಟುನಲ್ಲಿ ಪಿಪ್ ಯಾಕೆ ಒಲ್ಲೆ ಅನ್ನುತ್ತೆ?

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ನಲ್ಲಿ ನಿಂತಿತು. ಹಳೇ ಪ್ರೊಸೆಸರ್ ಇದ್ದರೆ ವಿಂಡೋಸ್ 11 ಹಾಕೋಕೂ ಬಿಡಲ್ಲ. ಹಾಗಾಗಿ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಗೊಂಡು, ಅದಕ್ಕೆ ಉಬುಂಟು ಅನ್ನೋ ಪುಕ್ಕಟೆ ಲಿನಕ್ಸ್ ಹಾಕಿ, ಪೈಥಾನ್ ಪ್ರೋಗ್ರಾಮಿಂಗ್ ಕಲಿಯೋಕೆ ಕೂರೋದು ಒಳ್ಳೇ ದಾರಿಯೇ. ಆದರೆ ನಾಲ್ಕೈದು ವರ್ಷ ಹಳೇ ವಿಡಿಯೋ ನೋಡಿಕೊಂಡು 'ಪಿಪ್ ಇನ್‌ಸ್ಟಾಲ್' (ಪೈಥಾನ್ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ತಂದುಕೊಡುವ ಸಾಧನವೇ ಪಿಪ್) ಅಂತ ಟೈಪ್ ಮಾಡಿದ ಕೂಡಲೇ ಎದುರಾಗುವುದು ಒಂದು ಬೈಗುಳ: 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್', ಅಂದರೆ ಈ ಪೈಥಾನನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆ, ಪಿಪ್ ಕೈಹಾಕಬಾರದು ಅಂತ. ಏನೋ ಕೆಟ್ಟಿದೆ ಅಂತ ಗಾಬರಿಯಾಗುತ್ತದೆ. ಕೆಟ್ಟಿಲ್ಲ. ಬೇಕಂತಲೇ ಹಾಕಿರುವ ಬೀಗ ಅದು. ಅದರ ಹಿಂದೆ ವರ್ಷಗಟ್ಟಲೆ ನಡೆದ ಜಗ್ಗಾಟವಿದೆ.

ಉಬುಂಟುಗೆ ತಾಯಿಬೇರು ಡೆಬಿಯನ್ ಅನ್ನೋ ಇನ್ನೊಂದು ಲಿನಕ್ಸ್. ಅದು ಶುರುವಾಗಿದ್ದು 1993ರಲ್ಲಿ, ತಂತ್ರಾಂಶ ಹಾಕೋ ಅದರ ಸಾಧನ ಆಪ್ಟ್ ಎಲ್ಲರ ಕೈಗೆ ಬಂದಿದ್ದು 1999ರ ಆವೃತ್ತಿಯಲ್ಲಿ. ಯಾವ ತಂತ್ರಾಂಶಕ್ಕೆ ಇನ್ಯಾವುದು ಬೇಕು, ಯಾವ ಫೈಲ್ ಯಾರದು ಅನ್ನೋ ಲೆಕ್ಕವನ್ನೆಲ್ಲ ಕಂಪ್ಯೂಟರೇ ಇಟ್ಟುಕೊಳ್ಳುತ್ತಿತ್ತು. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಸಮಾವೇಶ ಶುರುವಾದ ಕಾಲಕ್ಕೆ ಮನೆಯಲ್ಲಿ ಇದ್ದಿದ್ದು ಡಯಲ್ ಅಪ್ ಅಲ್ವಾ? ಲಿನಕ್ಸ್ ಅಂದರೆ ಸಿಡಿ. ಆಮೇಲೆ 2005ರಿಂದ ಉಬುಂಟು ಮಾಡುವ ಕಂಪನಿ ಕೆನಾನಿಕಲ್ ಅದರ ಸಿಡಿಯನ್ನು ಪುಕ್ಕಟೆಯಾಗಿ ಮನೆಗೇ ಕಳಿಸುತ್ತಿತ್ತು, 2011ರಲ್ಲಿ ಅದನ್ನು ನಿಲ್ಲಿಸಿತು. ಸಿಡಿಯಲ್ಲಿ ಏನಿದೆಯೋ ಅಷ್ಟೇ ನಮ್ಮ ಪಾಲಿಗೆ. ಆಪ್ಟ್ ಜೊತೆ ಇನ್ನೊಬ್ಬರ ಜಗಳಕ್ಕೆ ಜಾಗವೇ ಇರಲಿಲ್ಲ.

ಜಗಳ ಬಂದಿದ್ದು ಬ್ರಾಡ್‌ಬ್ಯಾಂಡ್ ಜೊತೆಗೆ. 2008ರಲ್ಲಿ ಪಿಪ್ ಬಂತು. ಪೈಥಾನ್ ಲೈಬ್ರರಿ ಬೇಕಾ, ಒಂದೇ ಸಾಲು, ನೇರ ಇಂಟರ್ನೆಟ್‌ನಿಂದ. ಅತ್ತ ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಎರಡು ವರ್ಷಕ್ಕೊಮ್ಮೆ ಬರುತ್ತದೆ, ಬಂದಾಗ ಇದ್ದ ತಂತ್ರಾಂಶಗಳ ಆವೃತ್ತಿಯನ್ನೇ ಹೆಚ್ಚುಕಮ್ಮಿ ಹಿಡಿದುಕೊಂಡು ಕೂರುತ್ತದೆ. ಇತ್ತ ಕೋಡ್ ಬರೆಯುವವರಿಗೆ ನಿನ್ನೆ ಬಂದ ಲೈಬ್ರರಿ ಇವತ್ತೇ ಬೇಕು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಭಟ್ಟರು ಅಂದ ಹಾಗಾಯಿತು.

ಇದರಲ್ಲಿ ಕಷ್ಟ ಏನಪ್ಪಾ ಅಂದರೆ, ಉಬುಂಟು ತನ್ನ ಮನೆಗೆಲಸಕ್ಕೂ ಪೈಥಾನನ್ನೇ ನೆಚ್ಚಿಕೊಂಡಿದೆ. ಹೊಸ ರೆಪೊಸಿಟರಿ (ತಂತ್ರಾಂಶದ ಉಗ್ರಾಣ) ಸೇರಿಸುವ ಸಾಧನ, ತಪ್ಪು ಕಮಾಂಡ್ ಹೊಡೆದರೆ 'ಇದನ್ನು ಇನ್‌ಸ್ಟಾಲ್ ಮಾಡಿ' ಅಂತ ಸಲಹೆ ಕೊಡುವ ಸಾಧನ, ಎಷ್ಟೋ ಆವೃತ್ತಿಗಳಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆಯುವ ಪುಟ್ಟ ಸ್ಕ್ರಿಪ್ಟ್ ಕೂಡ ಪೈಥಾನ್‌ನದೇ. ಸುಮ್ನೆ ಹೊಸ ಪೈಥಾನ್ ಹಾಕಿ, 'ಪೈಥಾನ್3' ಅನ್ನೋ ಹೆಸರನ್ನು ಅದಕ್ಕೆ ತಿರುಗಿಸಿದವರಿಗೆ ಮರುದಿನ ಟರ್ಮಿನಲ್ಲೇ ತೆರೆಯದೆ ಹೋದದ್ದುಂಟು. ಸರಿಮಾಡೋಣ ಅಂದರೆ ಟರ್ಮಿನಲ್ ಬೇಕು!

'ಸುಡೊ ಪಿಪ್', ಅಂದರೆ ಅಡ್ಮಿನ್ ಅಧಿಕಾರದಲ್ಲಿ ಪಿಪ್ ಓಡಿಸೋದು, ಇದಕ್ಕಿಂತ ಮೆತ್ತಗೆ ಕೆಡಿಸುತ್ತಿತ್ತು. ಪಿಪ್ ತಂದದ್ದು 'ಯುಎಸ್ಆರ್ ಲೋಕಲ್' ಫೋಲ್ಡರ್‌ನಲ್ಲಿ ಕೂರುತ್ತದೆ, ಆಪ್ಟ್ ತಂದದ್ದು ಬೇರೆ ಕಡೆ. ಪೈಥಾನ್ ಮೊದಲು ನೋಡುವುದು ಲೋಕಲ್ ಫೋಲ್ಡರನ್ನೇ. ಹಾಗಾಗಿ ನಿಮ್ಮ ಪ್ರಾಜೆಕ್ಟ್‌ಗೆ ಅಂತ ತಂದ ಹೊಸ ಲೈಬ್ರರಿ, ಹಳೆಯದನ್ನು ನಂಬಿಕೊಂಡಿರುವ ಉಬುಂಟು ಸಾಧನಕ್ಕೂ ಸಿಗುತ್ತದೆ. 2018ರ ಏಪ್ರಿಲ್‌ನಲ್ಲಿ ಪಿಪ್ 10 ಬಂದಾಗ ಇದು ಬೀದಿಗೆ ಬಂತು. 'ಪಿಪ್ ಹಳೆಯದಾಗಿದೆ, ಅಪ್‌ಗ್ರೇಡ್ ಮಾಡಿ' ಅಂತ ಪಿಪ್ಪೇ ಹೇಳುತ್ತಿತ್ತು. ಹಾಗೆ ಮಾಡಿದವರಿಗೆ ಸಿಕ್ಕಿದ್ದು 'ಕ್ಯಾನಾಟ್ ಇಂಪೋರ್ಟ್ ನೇಮ್ ಮೇನ್'. ಆಪ್ಟ್ ಇಟ್ಟಿದ್ದ ಹಳೇ ಪಿಪ್ ಕಮಾಂಡ್, ಹೊಸ ಪಿಪ್‌ನೊಳಗೆ 'ಮೇನ್' ಹುಡುಕುತ್ತಿತ್ತು, ಅದು ಆಗಲೇ ಒಳಕೋಣೆಗೆ ಹೋಗಿತ್ತು. ಹೇಳಿದ ಮಾತು ಕೇಳಿದವರಿಗೇ ಪೆಟ್ಟು. ನನ್ನ ಪ್ರಕಾರ ಇದರಲ್ಲಿ ಬಳಸುವವರ ತಪ್ಪು ಎಳ್ಳಷ್ಟೂ ಇರಲಿಲ್ಲ.

ಕೊನೆಗೆ ಪೈಥಾನ್ ಕಡೆಯವರೂ ಡೆಬಿಯನ್ ಕಡೆಯವರೂ ಸೇರಿ 2021ರಲ್ಲಿ ಪಿಇಪಿ 668 (ಪಿಇಪಿ ಅಂದರೆ ಪೈಥಾನ್ ಸುಧಾರಣೆಯ ಪ್ರಸ್ತಾವ) ಬರೆದರು. ಉಪಾಯ ತೀರಾ ಸರಳ. ಪೈಥಾನ್ ಫೋಲ್ಡರ್‌ನಲ್ಲಿ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅನ್ನೋ ಹೆಸರಿನ ಒಂದು ಫೈಲ್ ಇರುತ್ತದೆ. ಅದು ಕಂಡರೆ ಪಿಪ್ ಕೈಕಟ್ಟಿ ನಿಲ್ಲಬೇಕು. 2023ರಲ್ಲಿ ಪಿಪ್ 23, ಉಬುಂಟು 23.04, ಡೆಬಿಯನ್ 12 ಒಂದರ ಹಿಂದೆ ಒಂದು ಬಂದು ಬೀಗ ಬಿತ್ತು. ಬೀಗ ಮುರಿಯೋಕೆ 'ಬ್ರೇಕ್ ಸಿಸ್ಟಂ ಪ್ಯಾಕೇಜಸ್' ಅನ್ನೋ ಆಯ್ಕೆಯನ್ನೂ ಅವರೇ ಕೊಟ್ಟಿದ್ದಾರೆ. ಹೆಸರಲ್ಲೇ ಎಚ್ಚರಿಕೆ ಇದ್ದರೂ ಜನ ಅದನ್ನೇ ಕಾಪಿ ಮಾಡಿ ಹಾಕಿಕೊಳ್ಳುತ್ತಾರೆ, ಅದು ಬೇರೆ ಮಾತು.

ಸರಿಯಾದ ದಾರಿ 2012ರಿಂದಲೂ ಪೈಥಾನ್ ಒಳಗೇ ಇದೆ: ವೆನ್ವ್, ಅಂದರೆ ವರ್ಚುವಲ್ ಎನ್ವಿರಾನ್ಮೆಂಟ್. ಪ್ರಾಜೆಕ್ಟ್‌ಗೊಂದು ಫೋಲ್ಡರ್, ಅದರೊಳಗೆ ಅದರದೇ ಲೈಬ್ರರಿಗಳು. ಬೇಡವಾದರೆ ಫೋಲ್ಡರ್ ಅಳಿಸಿದರಾಯಿತು, ಉಬುಂಟುಗೆ ಗೊತ್ತೂ ಆಗಲ್ಲ. ಆದರೆ ನನಗೆ ಸಿಟ್ಟು ಬರೋದು ಇಲ್ಲೇ. ಬೀಗ ಹಾಕಿದವರು ವೆನ್ವ್ ಬಳಸಿ ಅಂತಾರೆ, ಬಳಸೋಕೆ ಹೋದರೆ 'ಪೈಥಾನ್3 ವೆನ್ವ್' ಅನ್ನೋ ಪ್ಯಾಕೇಜನ್ನು ಮೊದಲು ಆಪ್ಟ್‌ನಿಂದ ತನ್ನಿ ಅಂತ ಇನ್ನೊಂದು ಎರರ್. ಹಾಕಿಕೊಳ್ಳಿ, ಚಿಕ್ಕದೇ. ಪ್ರಾಜೆಕ್ಟ್‌ಗೆ ಸಂಬಂಧವಿಲ್ಲದ, ಕಮಾಂಡ್ ಆಗಿ ಓಡಿಸೋ ಪೈಥಾನ್ ಪ್ರೋಗ್ರಾಂ ಏನಾದರೂ ಬೇಕಿದ್ದರೆ, ಒಂದೊಂದು ಪ್ರೋಗ್ರಾಂಗೂ ಬೇರೆ ವೆನ್ವ್ ಮಾಡಿಕೊಡುವ ಪಿಪ್‌ಎಕ್ಸ್ ಇದೆ. ಅದೂ ಆಪ್ಟ್‌ನಲ್ಲೇ ಸಿಗುತ್ತದೆ.