"ವಾದ್ಯ ಇಲ್ಲೇ ಇರಲಿ ಬಿಡಿ, ಏನಾಗುತ್ತೆ?"

ಎರಡು ದಿನದ ಕಾರ್ಯಕ್ರಮ. ಮೊದಲ ದಿನದ್ದು ಮುಗಿಯುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಎಲ್ಲರಿಗೂ ಸುಸ್ತು, ವಾಹನದಲ್ಲಿ ಜಾಗ ಕಮ್ಮಿ, ನಾಳೆ ಮಧ್ಯಾಹ್ನ ಮತ್ತೆ ಇದೇ ವೇದಿಕೆಗೆ ಬರಬೇಕು. ಆಗ ಯಾರಾದರೂ ಒಬ್ಬರು ಈ ತಲೆಬರಹದ ಮಾತನ್ನು ಆಡೇ ಆಡುತ್ತಾರೆ. ನಾನು ಸ್ಟೇಜ್ ಮ್ಯಾನೇಜರ್. ಬೀಗದ ಕೈ ಇರೋದು ನನ್ನ ಹತ್ತಿರ, ಹಾಗಾಗಿ ಪ್ರಶ್ನೆಯೂ ನನ್ನ ಕಡೆಗೇ ಬರುತ್ತದೆ.

ನನ್ನ ಉತ್ತರ ಚಿಕ್ಕದು. ಹೆಗಲಿಗೆ ಹಾಕಿಕೊಂಡು ನಡೆಯಬಹುದಾದ ವಾದ್ಯ ನಿಮ್ಮ ಜೊತೆಗೇ ಹೋಗಲಿ. ಹಾಗೆ ಹೊರಲು ಆಗದ್ದು ಇಲ್ಲಿ ಉಳಿಯಬಹುದು, ಆದರೆ ಒಂದು ಹೆಸರು ಗೊತ್ತಿದ್ದರೆ ಮಾತ್ರ. ರಾತ್ರಿ ಕೊನೆಯವರು ಹೊರಗೆ ಹೋದಾಗಿನಿಂದ ಬೆಳಿಗ್ಗೆ ಮೊದಲನೆಯವರು ಒಳಗೆ ಬರುವ ತನಕ ಈ ವಾದ್ಯದ ಬಗ್ಗೆ ಕೇಳಿದರೆ ಉತ್ತರ ಹೇಳಬೇಕಾದವರು ಯಾರು? ಅವರ ಹೆಸರು, ಫೋನ್ ನಂಬರ್ ನಿಮ್ಮ ಹತ್ತಿರ ಇಲ್ಲ ಅಂದರೆ ಬಿಡಬೇಡಿ. "ಸೆಕ್ಯುರಿಟಿ ಇದ್ದಾರಲ್ಲ" ಅನ್ನೋದು ಹೆಸರಲ್ಲ. "ಹಾಲ್‌ನವರು ನೋಡ್ಕೋತಾರೆ" ಅನ್ನೋದೂ ಅಲ್ಲ.

ಕಲಾವಿದರು ಹಾಲ್ ಬಗ್ಗೆ ಒಂದು ಕಲ್ಪನೆ ಇಟ್ಟುಕೊಂಡಿರುತ್ತಾರೆ. ದೀಪ ಆರಿಸಿ ಬೀಗ ಹಾಕಿದ ಮೇಲೆ ಒಳಗೆ ಯಾರೂ ಇರಲ್ಲ ಅಂತ. ನಿಜ ಹೇಳಬೇಕೆಂದರೆ ಹಾಲ್‌ನ ಎಷ್ಟೋ ಕೆಲಸ ನಡೆಯೋದೇ ನೀವು ಹೋದ ಮೇಲೆ. ಕಸ ಗುಡಿಸಿ ನೆಲ ಒರೆಸುವವರು ಬರುತ್ತಾರೆ. ನಾಳೆ ಬೆಳಿಗ್ಗೆ ಬೇರೆ ಯಾರದೋ ಸಭೆ ಇದ್ದರೆ ಅಲಂಕಾರದವರು, ಲೈಟಿನವರು ರಾತ್ರಿಯೇ ಬಂದು ಏಣಿ ಹಾಕುತ್ತಾರೆ. ಎಸಿ ರಿಪೇರಿಗೆ ಸಿಗುವ ಸಮಯವೂ ಅದೇ. ಕಲಾವಿದರು ಸಿದ್ಧವಾಗುವ ಗ್ರೀನ್ ರೂಮ್‌ಗೆ ಕೀ ಒಂದೇ ಇದೆ ಅಂತ ನಿಮಗೆ ಹೇಳಿರುತ್ತಾರೆ, ಹೇಳಿದವರೂ ಅದನ್ನು ನಂಬಿರುತ್ತಾರೆ, ಆದರೆ ಹಳೆಯ ಕಟ್ಟಡಗಳಲ್ಲಿ ಒಂದು ಕೀಗೆ ಎಷ್ಟು ನಕಲು ಇವೆ ಅಂತ ಖಚಿತವಾಗಿ ಹೇಳಬಲ್ಲ ಒಬ್ಬರನ್ನೂ ನಾನು ನೋಡಿಲ್ಲ.

ಇನ್ನೊಂದು ವಿಷಯ ಇದೆ. ಇದನ್ನು ಬಹಳ ಜನ ಯೋಚಿಸಿಯೇ ಇರಲ್ಲ. ಬೆಂಕಿ ಬಿದ್ದಾಗ ಜನ ಹೊರಗೆ ಓಡಬೇಕಲ್ಲ, ಅದಕ್ಕೆ ತುರ್ತು ಬಾಗಿಲುಗಳನ್ನು ಒಳಗಿನಿಂದ ಸುಮ್ನೆ ತಳ್ಳಿದರೆ ತೆರೆಯುವ ಹಾಗೆ ಮಾಡಿರುತ್ತಾರೆ. ಹಾಗೆಯೇ ಇರಬೇಕು, ಅದು ಜೀವದ ಪ್ರಶ್ನೆ. ಆದರೆ ಕಾರ್ಯಕ್ರಮ ಮುಗಿದ ಮೇಲೆ ಒಳಗೇ ಎಲ್ಲೋ ಉಳಿದುಕೊಂಡ ಒಬ್ಬ ಮನುಷ್ಯ ನಿಮ್ಮ ವಾದ್ಯದ ಪೆಟ್ಟಿಗೆ, ಅಂದರೆ ಕೇಸ್, ಎತ್ತಿಕೊಂಡು ಅದೇ ಬಾಗಿಲು ತಳ್ಳಿ ಹೋಗಬಹುದು. ಬೀಗ ಒಡೆಯಬೇಕಿಲ್ಲ, ಗಾಜು ಒಡೆಯಬೇಕಿಲ್ಲ. ಒಡೆದ ಗುರುತು ಇಲ್ಲದಿದ್ದರೆ ವಿಮೆಯವರು ಏನು ಹೇಳುತ್ತಾರೆ ಅನ್ನೋದಕ್ಕೆ ಆಮೇಲೆ ಬರುತ್ತೇನೆ.

ಕಳ್ಳತನದ ಕಥೆ ಬಂದಾಗ ನಾನು ಯಾವಾಗಲೂ ಹೇಳೋದು ಹ್ಯೂಬರ್‌ಮನ್ ಪಿಟೀಲಿನದ್ದು. ಬ್ರೊನಿಸ್ಲಾವ್ ಹ್ಯೂಬರ್‌ಮನ್ ದೊಡ್ಡ ಪಿಟೀಲು ವಾದಕ. 1936ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಅವರ ಕಛೇರಿ. ಅವತ್ತು ಅವರು ನುಡಿಸುತ್ತಿದ್ದದ್ದು ಗ್ವಾರ್ನೆರಿ ಪಿಟೀಲು. ಗ್ವಾರ್ನೆರಿ, ಸ್ಟ್ರಾಡಿವರಿ ಅಂದರೆ ಇಟಲಿಯ ಹಳೆಯ ಹೆಸರಾಂತ ಪಿಟೀಲು ತಯಾರಕರು, ಅವರು ಮಾಡಿದ ವಾದ್ಯಗಳಿಗೂ ಅದೇ ಹೆಸರು. 1713ರಲ್ಲಿ ಮಾಡಿದ ಇನ್ನೊಂದು ಪಿಟೀಲು, ಸ್ಟ್ರಾಡಿವರಿ, ಡ್ರೆಸ್ಸಿಂಗ್ ರೂಮಿನಲ್ಲಿತ್ತು. ಅವರು ವೇದಿಕೆಯ ಮೇಲೆ ಇರುವಾಗಲೇ ಅದು ಮಾಯವಾಯಿತು. ಕದ್ದ ಪಿಟೀಲನ್ನು ಜೂಲಿಯನ್ ಆಲ್ಟ್‌ಮನ್ ಎಂಬ ಪಿಟೀಲು ವಾದಕ ಸುಮಾರು ಐವತ್ತು ವರ್ಷ ನುಡಿಸಿಕೊಂಡಿದ್ದ, ಗುರುತು ಸಿಗಬಾರದು ಅಂತ ಅದಕ್ಕೆ ಶೂ ಪಾಲಿಶ್ ಕೂಡ ಬಳಿದಿದ್ದರಂತೆ. 1985ರಲ್ಲಿ ಸಾಯುವ ಮುಂಚೆ ಅವನು ಹೆಂಡತಿಗೆ ವಿಷಯ ಹೇಳಿದ. ಅಷ್ಟರಲ್ಲಿ ಹ್ಯೂಬರ್‌ಮನ್ ತೀರಿಕೊಂಡು ದಶಕಗಳೇ ಆಗಿದ್ದವು. ಈಗ ಅದನ್ನು ನುಡಿಸುತ್ತಿರುವುದು ಅಮೆರಿಕದ ಪಿಟೀಲು ವಾದಕ ಜೋಶುವಾ ಬೆಲ್.

ಪಿಟೀಲು ವಾದಕ ರೋಮನ್ ಟೋಟೆನ್‌ಬರ್ಗ್ ಅವರದ್ದೂ ಇದೇ ಥರ. 1980ರಲ್ಲಿ, ಅಮೆರಿಕದ ಒಂದು ಸಂಗೀತ ಶಾಲೆಯಲ್ಲಿ ಕಛೇರಿ ಮುಗಿಸಿ, ಪಿಟೀಲನ್ನು ತಮ್ಮ ಕೋಣೆಯಲ್ಲಿಟ್ಟು ಅಭಿಮಾನಿಗಳನ್ನು ಮಾತಾಡಿಸಲು ಹೋದರು. ವಾಪಸ್ ಬರುವಷ್ಟರಲ್ಲಿ 1734ರ ಸ್ಟ್ರಾಡಿವರಿ ಇರಲಿಲ್ಲ. ಅದು ಸಿಕ್ಕಿದ್ದು 2015ರಲ್ಲಿ. ಅವರು 2012ರಲ್ಲೇ ಹೋಗಿಬಿಟ್ಟಿದ್ದರು.

ಎರಡೂ ರಾತ್ರಿಯಿಡೀ ಬಿಟ್ಟು ಹೋದ ವಾದ್ಯಗಳಲ್ಲ, ಅದನ್ನು ಗಮನಿಸಿ. ಕಟ್ಟಡದ ತುಂಬಾ ಜನ ಓಡಾಡುತ್ತಿದ್ದರು, ಒಡೆಯರು ಕೆಲವೇ ಹೆಜ್ಜೆ ದೂರದಲ್ಲಿದ್ದರು. ಆಗಲೇ ಹೀಗಾದರೆ ಎಂಟು-ಹತ್ತು ಗಂಟೆ ಯಾರೂ ನೋಡದ ಕೋಣೆಯ ಗತಿ ಏನು? "ನನ್ನದೇನು ಸ್ಟ್ರಾಡಿವರಿ ಅಲ್ಲವಲ್ಲ" ಅಂತ ನಗುವವರಿದ್ದಾರೆ. ನನ್ನ ಪ್ರಕಾರ ಅದಕ್ಕೇ ಹೆಚ್ಚು ಹುಷಾರಾಗಿರಬೇಕು. ಹೆಸರಾಂತ ವಾದ್ಯವನ್ನು ಕದ್ದವನಿಗೆ ಮಾರೋದೇ ಕಷ್ಟ, ಲೋಕಕ್ಕೆಲ್ಲ ಅದರ ಮುಖ ಗೊತ್ತು. ನಿಮ್ಮ ಗಿಟಾರು, ಕೀಬೋರ್ಡು ನಾಳೆ ಸಂಜೆಯೊಳಗೆ ಬೇರೆಯವರ ಕೈಗೆ ಹೋಗಿರುತ್ತದೆ.

ಆದರೂ ಕಳ್ಳತನದ ಬಗ್ಗೆಯೇ ಜಾಸ್ತಿ ಮಾತಾಡಿದರೆ ಅಸಲು ವಿಷಯ ತಪ್ಪಿಹೋಗುತ್ತದೆ. ಬೆಳಿಗ್ಗೆ ನಾನು ನೋಡುವ ಅನಾಹುತಗಳಲ್ಲಿ ಹೆಚ್ಚಿನವು ಕಳ್ಳರದ್ದಲ್ಲ. ಯಾರೋ ಒಳ್ಳೆ ಮನಸ್ಸಿನಿಂದಲೇ "ಪಕ್ಕಕ್ಕೆ ಸರಿಸಿದ್ದು". ನೆಲ ಒರೆಸುವಾಗ ಸೆಲ್ಲೊ (ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ) ಕೇಸನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು, ಅದು ಜಾರಿ ಬಿತ್ತು. ಕುರ್ಚಿ ಜೋಡಿಸುವಾಗ ಮೃದಂಗದ ಚೀಲದ ಮೇಲೆ ನಾಲ್ಕು ಕುರ್ಚಿ ಪೇರಿಸಿದರು. ಡ್ರಮ್ ಕಿಟ್ ಎಳೆದು ಬದಿಗೆ ಇಟ್ಟಾಗ ಸ್ಟ್ಯಾಂಡ್ ಬಗ್ಗಿತು. ಯಾರನ್ನು ಬೈಯೋದು? ಅವರ ಕೆಲಸ ನೆಲ ಖಾಲಿ ಮಾಡೋದು. ಅದರೊಳಗೆ ಏನಿದೆ, ಎಷ್ಟು ನಾಜೂಕು, ಅವರಿಗೆ ಯಾರೂ ಹೇಳಿಲ್ಲ.

ಹವೆಯದ್ದು ಇನ್ನೊಂದು ತಲೆನೋವು. ಕಾರ್ಯಕ್ರಮದ ಹೊತ್ತಿನಲ್ಲಿ ಹಾಲ್ ತಣ್ಣಗೆ, ಹಿತವಾಗಿ ಇರುತ್ತದೆ. ಜನ ಹೋದ ಅರ್ಧ ಗಂಟೆಗೆ ಎಸಿ ಆರಿಸುತ್ತಾರೆ, ಖಾಲಿ ಹಾಲ್‌ಗೆ ಯಾರು ಕರೆಂಟು ಖರ್ಚು ಮಾಡುತ್ತಾರೆ? ಆಮೇಲೆ ಒಳಗಿನ ತೇವ ಹೊರಗಿನ ಹವೆಯ ಹಾಗೆ ಏರುತ್ತದೆ ಅಥವಾ ಇಳಿಯುತ್ತದೆ. ಮರದ ವಾದ್ಯಗಳಿಗೆ ಸಾಮಾನ್ಯವಾಗಿ ಶೇಕಡಾ 40ರಿಂದ 60ರ ನಡುವಿನ ತೇವಾಂಶ ಹಿತ. ಸ್ವಲ್ಪ ಆಚೀಚೆ ಆದರೆ ಏನೂ ಆಗಲ್ಲ, ತೊಂದರೆ ಇರುವುದು ಕೆಲವೇ ಗಂಟೆಗಳಲ್ಲಿ ಆಗುವ ದೊಡ್ಡ ಬದಲಾವಣೆಯಲ್ಲಿ. ಮರ ತೇವ ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಿಟೀಲಿನ ಅಂಚಿನ ಅಂಟು ಬಿಡೋದು ಇದರಿಂದಲೇ. ಆ ಅಂಟನ್ನು ಬೇಕೆಂದೇ ಮರಕ್ಕಿಂತ ದುರ್ಬಲವಾಗಿ ಇಟ್ಟಿರುತ್ತಾರೆ, ಒತ್ತಡ ಬಂದಾಗ ಮರ ಸೀಳುವ ಬದಲು ಅಂಟು ಬಿಡಲಿ ಅಂತ. ಮತ್ತೆ ಅಂಟಿಸಬಹುದು, ಆದರೆ ನಾಳೆ ಸಂಜೆಯ ಕಛೇರಿಗೆ ಅಲ್ಲ! ಚರ್ಮದ ವಾದ್ಯಗಳಿಗಂತೂ ತೇವ ಏರಿದರೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಜೊತೆಗೆ ಇಲಿ. ವೇದಿಕೆಯ ಕೆಳಗೆ ಇಲಿ ಇಲ್ಲದ ಹಾಲ್ ಅಪರೂಪ, ಅವಕ್ಕೆ ಚರ್ಮ ಅಂದರೆ ಇಷ್ಟ. ದಪ್ಪ ಬಟ್ಟೆಯ ಚೀಲ ಅವುಗಳ ಹಲ್ಲಿಗೆ ಲೆಕ್ಕವೇ ಅಲ್ಲ.

ನೀರಿನ ವಿಷಯಕ್ಕೆ ಬಂದರೆ ಅಮೆರಿಕದ ನ್ಯಾಶ್‌ವಿಲ್ ನೆನಪಾಗುತ್ತದೆ. 2010ರ ಮೇ ತಿಂಗಳಲ್ಲಿ ಆ ಊರಲ್ಲಿ ಪ್ರವಾಹ ಬಂತು. ಅಲ್ಲಿನ ಸಿಂಫನಿ ಹಾಲ್‌ನ ನೆಲಮಾಳಿಗೆಗೆ ನೀರು ನುಗ್ಗಿ ಎರಡು ಸ್ಟೈನ್‌ವೇ ಗ್ರ್ಯಾಂಡ್ ಪಿಯಾನೊಗಳು ಹಾಳಾದವು. ಸೌಂಡ್‌ಚೆಕ್ ಎಂಬ ಇನ್ನೊಂದು ಜಾಗದಲ್ಲಿ ಎಷ್ಟೋ ಕಲಾವಿದರು ಪ್ರವಾಸದ ವಾದ್ಯಗಳನ್ನೆಲ್ಲ ಭದ್ರವಾಗಿರಲಿ ಅಂತ ಇಟ್ಟಿದ್ದರು, ಅಲ್ಲೂ ನೀರು ತುಂಬಿ ಅಪಾರ ಸಂಖ್ಯೆಯ ಗಿಟಾರು, ಆಂಪ್ಲಿಫೈಯರ್‌ಗಳು ಮುಳುಗಿದವು. ಒಳ್ಳೆಯ ಬೀಗ, ಒಳ್ಳೆಯ ಕಾವಲು, ಯಾವುದೂ ಉಪಯೋಗಕ್ಕೆ ಬರಲಿಲ್ಲ. ಪ್ರವಾಹ ರೋಜು ಬರಲ್ಲ ನಿಜ. ಆದರೆ ಮೇಲಿನ ಮಹಡಿಯ ಪೈಪು ಒಡೆಯಲು ಪ್ರವಾಹ ಬೇಕಿಲ್ಲ. ಹಾಗಾಗಿ ನೆಲಮಾಳಿಗೆಯ ಸ್ಟೋರ್ ರೂಮ್ ಕೊಡ್ತೀವಿ ಅಂದರೆ ನಾನು ಒಪ್ಪಲ್ಲ, ಅದಕ್ಕಿಂತ ವೇದಿಕೆಯ ಮೇಲೇ ಇರೋದು ವಾಸಿ.

ಈಗ ವಿಮೆ. ಹಾಲ್‌ಗೆ ವಿಮೆ ಇದೆ ಅಂತ ಸಮಾಧಾನ ಮಾಡಿಕೊಳ್ಳುವವರು ಒಂದು ಕೆಲಸ ಮಾಡಿ, ಬುಕಿಂಗ್ ಮಾಡುವಾಗ ಸಹಿ ಹಾಕಿದ ಕಾಗದವನ್ನು ಪೂರ್ತಿ ಓದಿ. "ಕಲಾವಿದರ ಸಾಮಾನಿಗೆ ಕಲಾವಿದರೇ ಹೊಣೆ" ಎಂಬ ಅರ್ಥದ ಸಾಲು ಅಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಹಾಲ್‌ನ ವಿಮೆ ಸಾಮಾನ್ಯವಾಗಿ ಹಾಲ್‌ನ ಆಸ್ತಿಗೆ. ನಿಮ್ಮ ವಾದ್ಯಕ್ಕೆ ನಿಮ್ಮದೇ ಪಾಲಿಸಿ ಇದ್ದರೂ ಎರಡು ಜಾಗ ನೋಡಬೇಕು. ಯಾರೂ ಇಲ್ಲದ ಜಾಗದಲ್ಲಿ ಬಿಟ್ಟ ವಾದ್ಯದ ಬಗ್ಗೆ ಏನು ಬರೆದಿದ್ದಾರೆ? ಕಳುವಾದರೆ ಬಾಗಿಲು ಒಡೆದ ಗುರುತು ಕೇಳುತ್ತಾರಾ? ಕೇಳುವುದಾದರೆ ನಾನು ಮೇಲೆ ಹೇಳಿದ ತುರ್ತು ಬಾಗಿಲಿನ ಕಳ್ಳ ನಿಮಗೆ ಎರಡು ಸಲ ನಷ್ಟ ಮಾಡಿದ ಹಾಗೆ. ಹವೆಯಿಂದ ಬಿಟ್ಟ ಬಿರುಕು, ಇಲಿ ಕಡಿತ, ನಿಧಾನವಾಗಿ ಆದ ಹಾನಿ, ಇವನ್ನು ಎಷ್ಟೋ ಪಾಲಿಸಿಗಳು ಹೊರಗಿಟ್ಟಿರುತ್ತವೆ. ಏಜೆಂಟ್ ಬಾಯಲ್ಲಿ ಹೇಳಿದ್ದು ಸಾಲದು, ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಹಾಗಂತ ಜೊತೆಗೆ ಒಯ್ದ ತಕ್ಷಣ ಎಲ್ಲ ಕ್ಷೇಮ ಅಂತ ನಾನು ಹೇಳುತ್ತಿಲ್ಲ. 2004ರಲ್ಲಿ ಅಮೆರಿಕದ ವಾದ್ಯವೃಂದ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್‌ನ 1684ರ ಸ್ಟ್ರಾಡಿವರಿ ಸೆಲ್ಲೊ ಕಳುವಾದದ್ದು ಹಾಲ್‌ನಿಂದ ಅಲ್ಲ, ವಾದಕರ ಮನೆಯ ಮುಂಬಾಗಿಲಿನ ಹೊರಗಿನಿಂದ. ಅದೂ ರಾತ್ರಿಯಿಡೀ ಅಲ್ಲೇ ಉಳಿದಿತ್ತು. ಕೊನೆಗೆ ಒಬ್ಬ ಮಹಿಳೆಗೆ ಕಸದ ತೊಟ್ಟಿಯ ಹತ್ತಿರ ಸಿಕ್ಕಿತು, ಅದನ್ನು ಸಿಡಿ ಇಡುವ ಕಪಾಟು ಮಾಡುವ ಮಾತೂ ಆ ಮನೆಯಲ್ಲಿ ನಡೆದಿತ್ತು! ನಸೀಬು ಚೆನ್ನಾಗಿತ್ತು, ವಾಪಸ್ ಬಂತು. ಇನ್ನು ಕಾರು. "ಹಾಲ್ ಬೇಡ, ಡಿಕ್ಕಿಯಲ್ಲಿ ಇರಲಿ" ಅನ್ನೋದು ನನಗೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಗಾಜು ಒಡೆಯಲು ಕೆಲವೇ ಸೆಕೆಂಡು ಸಾಕು, ಮತ್ತು ಬೆಳಿಗ್ಗೆ ತಡವಾಗಿ ಎದ್ದರೆ ಬಿಸಿಲಿಗೆ ನಿಂತ ಕಾರು ಒಲೆಯ ಹಾಗೆ ಕಾಯುತ್ತದೆ. ಪಿಟೀಲಿನ ಅಂಟು ಮೆತ್ತಗಾಗುತ್ತದೆ. ವೀಣೆಯ ಮೆಟ್ಟಿಲುಗಳು, ಅಂದರೆ ತಂತಿ ಒತ್ತುವ ಲೋಹದ ಪಟ್ಟಿಗಳು, ಕೂತಿರುವುದು ಮೇಣದಲ್ಲಿ, ಅದು ಸಡಿಲವಾದರೆ ಶ್ರುತಿಯ ಆಸೆ ಬಿಟ್ಟುಬಿಡಿ. ಕಾರಿನ ರಾತ್ರಿಗಿಂತ ಬೀಗ ಹಾಕಿದ ಗ್ರೀನ್ ರೂಮ್ ನೂರು ಪಾಲು ಮೇಲು. ಹೋಟೆಲ್ ಕೋಣೆಗೆ, ನಿಮ್ಮ ಮಂಚದ ಪಕ್ಕಕ್ಕೆ ಒಯ್ಯುವುದಾದರೆ ಮಾತ್ರ ಒಯ್ದದ್ದಕ್ಕೆ ಅರ್ಥ.

ಸರಿ, ದೊಡ್ಡ ವಾದ್ಯ ಬಿಡಲೇಬೇಕು. ಡಬಲ್ ಬಾಸ್, ಹಾರ್ಪ್, ಟಿಂಪನಿ, ಡ್ರಮ್ ಕಿಟ್, ತೂಕದ ಆಂಪ್. ಇವನ್ನು ಮಧ್ಯರಾತ್ರಿ ಸುಸ್ತಾದ ಜನ ಮೆಟ್ಟಿಲಿಳಿಸುವಾಗಲೇ ಬೀಳಿಸುವ ಸಾಧ್ಯತೆ ಜಾಸ್ತಿ, ಆದ್ದರಿಂದ ಬಿಡಿ ಅಂತ ನಾನೇ ಹೇಳುತ್ತೇನೆ. ಆದರೆ ಬಿಚ್ಚಿಡಬಹುದಾದ ಬೆಲೆಯ ಭಾಗಗಳನ್ನು ಒಯ್ಯಿರಿ. ಬಾಸ್ ಇರಲಿ, ಅದರ ಕಮಾನು ನಿಮ್ಮ ಜೊತೆ ಹೋಗಲಿ. ಡ್ರಮ್ ಇರಲಿ, ಸ್ನೇರ್ ಮತ್ತು ಸಿಂಬಲ್ ಚೀಲ ಹೋಗಲಿ. ಪೆಡಲ್ ಬೋರ್ಡ್, ಮೈಕು, ಲ್ಯಾಪ್‌ಟಾಪ್ ಬಿಡುವ ಮಾತೇ ಇಲ್ಲ.

ವಾದ್ಯ ಕೇಸಿನೊಳಗೆ ಇರಲಿ, ಕೇಸು ನೆಲದಿಂದ ಒಂದು ಗೇಣು ಮೇಲೆ ಇರಲಿ. ಎಸಿಯ ಗಾಳಿ ನೇರ ಬೀಸುವ ಜಾಗ ಬೇಡ, ಹೊರಗೋಡೆಗೆ ತಾಗಿಸುವುದೂ ಬೇಡ. ತಂತಿಗಳನ್ನು ಸ್ವಲ್ಪ ಇಳಿಸಿದರೆ ಪರವಾಗಿಲ್ಲ, ಪೂರ್ತಿ ಸಡಿಲ ಮಾಡಬೇಡಿ. ಪಿಟೀಲು ಕುಟುಂಬದ ವಾದ್ಯಗಳಲ್ಲಿ ಒಳಗೆ ನಿಲ್ಲಿಸಿದ ಪುಟ್ಟ ಮರದ ಕಂಬ ತಂತಿಗಳ ಒತ್ತಡದಿಂದಲೇ ನಿಂತಿರುತ್ತದೆ, ಒತ್ತಡ ಹೋದರೆ ಬಿದ್ದುಬಿಡುತ್ತದೆ. ಕೀಬೋರ್ಡ್, ಆಂಪ್ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ, ಕರೆಂಟು ಹೋಗಿ ಬರುವಾಗ ಹೊಡೆತ ಬೀಳೋದು ಆಗಲೇ. ಬ್ಯಾಟರಿಗಳನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ ಹೋಗಲು ನಾನು ಯಾರಿಗೂ ಬಿಡಲ್ಲ, ಎಷ್ಟು ಜಗಳವಾದರೂ ಸರಿ.

ಮತ್ತೆ ಒಂದು ಚೀಟಿ. ದೊಡ್ಡ ಅಕ್ಷರದಲ್ಲಿ "ಮುಟ್ಟಬೇಡಿ, ಸರಿಸಬೇಕಾದರೆ ಫೋನ್ ಮಾಡಿ" ಅಂತ ಬರೆದು ನಂಬರ್ ಹಾಕಿ ಕೇಸಿಗೆ ಅಂಟಿಸಿ. ನೆಲ ಒರೆಸುವ ತಂಡದವರು ಬಂದಿದ್ದರೆ ಹೋಗುವ ಮುಂಚೆ ಅವರಿಗೆ ಮುಖಾಮುಖಿ ಹೇಳಿ. ಈ ಎರಡು ನಿಮಿಷದ ಮಾತಿನಿಂದ ಉಳಿದ ವಾದ್ಯಗಳು ಬೀಗದಿಂದ ಉಳಿದದ್ದಕ್ಕಿಂತ ಜಾಸ್ತಿ ಅಂತ ನನ್ನ ಅನುಭವ. ಕೇಸಿನೊಳಗೆ ಬ್ಲೂಟೂತ್ ಟ್ರ್ಯಾಕರ್ ಹಾಕುವವರು ಈಗ ಬಹಳ ಜನ, ಹಾಕಿ, ಆದರೆ ಅದು ಕಳ್ಳತನ ತಡೆಯಲ್ಲ, ಹುಡುಕಲು ಸಹಾಯ ಮಾಡಬಹುದು ಅಷ್ಟೇ. ಬೀಗ ಹಾಕುವ ಮುಂಚೆ ಫೋಟೊ ತೆಗೆಯಿರಿ. ಕೋಣೆಯಲ್ಲಿ ಎಲ್ಲಿಟ್ಟಿರಿ, ಹೇಗಿತ್ತು, ಸೀರಿಯಲ್ ನಂಬರ್ ಏನು. ನಂಬರ್ ಇಲ್ಲದ ವಾದ್ಯವಾದರೆ ಅದರ ಹಳೆಯ ಗೀರು, ಮರದ ಗೆರೆ, ರಿಪೇರಿಯ ಗುರುತು ಇವೇ ಅದರ ಬೆರಳಚ್ಚು.

ಕೀ ತೆಗೆದುಕೊಂಡವರ ಹತ್ತಿರ ಒಂದು ಸಾಲು ಬರೆಸಿಕೊಳ್ಳಲು ಸಂಕೋಚ ಪಡುವವರೇ ಹೆಚ್ಚು. ನನ್ನನ್ನು ನಂಬಲ್ವಾ ಅಂತ ಬೇಜಾರಾಗುತ್ತಾರೇನೋ ಅಂತ. ಆಗಲ್ಲ, ನಮಗೆ ಅದರಿಂದ ಅನುಕೂಲವೇ. ಇಂತಿಷ್ಟು ಕೇಸು, ಇಂಥ ಕೋಣೆ, ಇಷ್ಟು ಹೊತ್ತಿಗೆ ಬೀಗ, ಕೆಳಗೆ ಇಬ್ಬರ ಸಹಿ. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಆದರೂ ನಡೆಯುತ್ತದೆ. ಸಹಿ ಹಾಕಲು ಹಾಲ್‌ನವರು ಹಿಂಜರಿದರೆ ನಿಮಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು ಅಂದುಕೊಂಡು ವಾಹನ ಕರೆಸಿ.

ಬೆಳಿಗ್ಗೆ ಬಂದಾಗ ಕೋಣೆ ತೀರಾ ತಣ್ಣಗಿದ್ದರೆ ಅಥವಾ ಸೆಖೆಯಿದ್ದರೆ ಕೇಸನ್ನು ವೇದಿಕೆಗೆ ತಂದು ಸ್ವಲ್ಪ ಹೊತ್ತು ಮುಚ್ಚಿಯೇ ಇಡಿ, ನಿಧಾನ ಹೊಂದಿಕೊಳ್ಳಲಿ. ತೆರೆಯುವಾಗ ಕೀ ಇದ್ದವರು ಪಕ್ಕದಲ್ಲೇ ನಿಂತಿರಲಿ. ಏನಾದರೂ ಹೆಚ್ಚುಕಮ್ಮಿ ಕಂಡರೆ ಮುಟ್ಟುವ ಮುಂಚೆ ಫೋಟೊ ತೆಗೆದು, ಆ ಗಂಟೆಯೊಳಗೇ ಹಾಲ್‌ನವರಿಗೂ ವಿಮೆಯವರಿಗೂ ಬರೆದು ತಿಳಿಸಿ. ಸಂಜೆ ಕಛೇರಿ ಮುಗಿಸಿ ಹೇಳಿದರಾಯಿತು ಅಂತ ಬಿಟ್ಟರೆ, ಅದು ರಾತ್ರಿ ಆದದ್ದೋ ನುಡಿಸುವಾಗ ಆದದ್ದೋ ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ.