ಲೇಟ್‌ಗೆ ಚುಕ್ಕೆ ಬೇಡ

ಮೊನ್ನೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಸಾಲು: ‘ಲೇಟ್. ಶ್ರೀ ಇಂಥವರು ಇಂದು ಬೆಳಿಗ್ಗೆ ನಿಧನರಾದರು.’ ಸಾವಿನ ಮನೆಯಲ್ಲಿ ವ್ಯಾಕರಣ ಬೇಡ ಅಂತ ಕೈಮುಗಿದ ಚಿತ್ರ ಹಾಕಿ ಸುಮ್ಮನಾದೆ. ಈ ವರ್ಷ ಇದು ನಾಲ್ಕನೇ ಸಲ. ಇಲ್ಲಾದರೂ ಹೇಳಿಬಿಡುತ್ತೇನೆ.

ಲೇಟ್ ಅಂದರೆ ಆಗಲೇ ತೀರಿಕೊಂಡವರು. ಅವರು ಇವತ್ತು ಬೆಳಿಗ್ಗೆ ಇನ್ನೊಮ್ಮೆ ತೀರಿಕೊಳ್ಳುವುದು ಹೇಗೆ? ಆ ಚುಕ್ಕೆಯಂತೂ ಇನ್ನೂ ಜಾಸ್ತಿ ಚುಚ್ಚುತ್ತದೆ. ಚುಕ್ಕೆ ಇಡುವುದು ಪದವನ್ನು ಮೊಟಕು ಮಾಡಿದಾಗ. ‘ದಿವಂಗತ’ ಮೊಟಕಾಗಿ ‘ದಿ.’ ಆಗುತ್ತದೆ. ಮರಾಠಿಯ ‘ಕೈಲಾಸವಾಸಿ’ ‘ಕೈ.’ ಆಗುತ್ತದೆ. ಇಲ್ಲಿನ ಉದ್ಯಾನದಲ್ಲಿ ತೀರಿಕೊಂಡವರ ನೆನಪಿಗೆ ಇಟ್ಟ ಬೆಂಚುಗಳ ಬೆನ್ನ ಮೇಲೆ ಅದನ್ನು ದಿನಾ ನೋಡುತ್ತೇವೆ. ನಮ್ಮವರ ಚುಕ್ಕೆ ಅಲ್ಲಿಂದಲೇ ಅಂಟಿಕೊಂಡಿತೇನೋ ಅಂತ ನನ್ನ ಗುಮಾನಿ. ಲೇಟ್ ಮಾತ್ರ ಪೂರ್ತಿ ಪದ, ಅದರಲ್ಲಿ ಮೊಟಕಾಗಿದ್ದು ಏನೂ ಇಲ್ಲ.

ಇಷ್ಟಕ್ಕೂ ಈ ಪದದ ಹುಟ್ಟಿಗೂ ಸಾವಿಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಲ್ಯಾಟ್’ ಅಂದರೆ ನಿಧಾನ, ಜಡ. ಆ ಲೆಕ್ಕದಲ್ಲಿ ಎಲ್ಲ ಸ್ಟೇಷನ್ನಿಗೂ ನಿಲ್ಲುವ ನಮ್ಮ ಸ್ಲೋ ಲೋಕಲ್ ರೈಲು ಸರಿಯಾದ ಹೊತ್ತಿಗೆ ಬಂದರೂ ‘ಲೇಟ್’ ಗಾಡಿಯೇ. ದಣಿದವನು ಅನ್ನುವ ಲ್ಯಾಟಿನ್ನಿನ ‘ಲಾಸುಸ್’ ಇದರ ದೂರದ ನೆಂಟ. ನಿಟ್ಟುಸಿರಿನ ‘ಅಲಾಸ್’ ಒಳಗೆ ಕೂತಿರುವುದೂ ಅದೇ. ನಿಧಾನವಾದವನು ಹಿಂದೆ ಬೀಳುತ್ತಾನೆ, ಹೊತ್ತು ಮೀರಿ ಬರುತ್ತಾನೆ. ಹಾಗೆ ತಡ ಅನ್ನುವ ಅರ್ಥ ಗಟ್ಟಿಯಾಯಿತು. ಮುಂದೆ ‘ಇತ್ತೀಚೆಗೆ’ ಅನ್ನುವ ಅರ್ಥವೂ ಸೇರಿತು. ಇತ್ತೀಚಿನವರೆಗೆ ಇದ್ದು ಈಗ ಇಲ್ಲದವರು ಲೇಟ್ ಆದದ್ದು ಹೀಗೆ, 15ನೇ ಶತಮಾನದ ಹೊತ್ತಿಗೆ. ಆದ್ದರಿಂದಲೇ ಯಾವ ಕಾಲಕ್ಕೋ ಹೋದವರಿಗೆ ಇಂಗ್ಲಿಷರು ಲೇಟ್ ಹಚ್ಚುವುದಿಲ್ಲ. ‘ಲೇಟ್ ಅಶೋಕ ಚಕ್ರವರ್ತಿ’ ಅಂದು ನೋಡಿ, ನಗು ಬರುತ್ತದೆ ಅಲ್ವಾ?

‘ಲಾಸ್ಟ್’ ಕೂಡ ಇದರ ಮಗುವೇ. ಎಲ್ಲಕ್ಕಿಂತ ಲೇಟಾದದ್ದು ಲಾಸ್ಟ್. ‘ಲೇಟೆಸ್ಟ್’ ಆಮೇಲೆ ಹುಟ್ಟಿದ ತಮ್ಮ. ಅಣ್ಣನ ಪಾಲಿಗೆ ನಡುರಾತ್ರಿಯ ಕೊನೆಯ ಲೋಕಲ್, ತಮ್ಮನ ಪಾಲಿಗೆ ಹೊಸ ಫೋನು.

ನಮ್ಮ ‘ತಡ’ದ ಬುಡವೇ ಬೇರೆ. ಅದು ‘ತಡೆ’ಯ ಒಡಹುಟ್ಟು. ಇಂಗ್ಲಿಷಿನವನು ಜಡನಾಗಿ ಲೇಟಾದರೆ ನಮ್ಮವನಿಗೆ ಏನೋ ಅಡ್ಡ ಬಂದು ತಡವಾಗುತ್ತದೆ. ಕಲ್ವಾ–ಮುಂಬ್ರಾ ಸ್ಟೇಷನ್ನುಗಳ ನಡುವೆ ಸಿಗ್ನಲ್ ಸಿಗದೆ ನಿಂತ ಗಾಡಿಯ ಬಾಗಿಲಲ್ಲಿ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಾಗ ಕನ್ನಡವೇ ಸರಿ ಅನ್ನಿಸುತ್ತದೆ. ಆಫೀಸಿನಲ್ಲಿ ಮಾತ್ರ ಜಡನಿಗೂ ಅಡ್ಡ ಬಂದವನಿಗೂ ಒಂದೇ ಲೇಟ್ ಮಾರ್ಕ್. ಮೂರಾದರೆ ಅರ್ಧ ದಿನದ ರಜೆ ಕಟ್.